ಅದೇ ಝೋನ್, ಎರಡು ಉತ್ತರ: ಡಾಕ್ಯುಮೆಂಟೇಶನ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಟೈಮ್ ಝೋನ್ ಬದಲಿಸುವ ‘ಅಟ್ ಟೈಮ್ ಝೋನ್’ ಬಳಸಿದರೆ ಒಂದು ಟೇಬಲ್‌ನಲ್ಲಿ ಗಂಟೆ ಹಿಂದಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಮುಂದಕ್ಕೆ. ಕೊಟ್ಟ ಝೋನ್ ಒಂದೇ. ಇದು ಬಗ್ಗಾ? ಟೀಮಿನವರಿಗೆ ಅರ್ಥವಾಗುವ ಹಾಗೆ ಹೇಗೆ ಬರೆದಿಡುವುದು?

ಬಗ್ ಅಲ್ಲ. ಎರಡೂ ಕಾಲಮ್‌ಗಳ ಟೈಪ್ ನೋಡಿ, ಬೇರೆ ಬೇರೆ ಇರುತ್ತವೆ.

ಕಾಲಮ್ ‘ಟೈಮ್‌ಸ್ಟ್ಯಾಂಪ್‌ಟಿಝಡ್’ (ಝೋನ್ ಇರುವ ಸಮಯದ ಟೈಪ್) ಆಗಿದ್ದರೆ ನೀವು ಕೇಳುತ್ತಿರುವುದು, ಈ ಕ್ಷಣದಲ್ಲಿ ಆ ಝೋನಿನ ಗಡಿಯಾರ ಎಷ್ಟು ತೋರಿಸುತ್ತದೆ ಅಂತ. ಬರೀ ‘ಟೈಮ್‌ಸ್ಟ್ಯಾಂಪ್’ (ಝೋನ್ ಇಲ್ಲದ್ದು) ಆಗಿದ್ದರೆ ಪ್ರಶ್ನೆಯೇ ಉಲ್ಟಾ: ಆ ಝೋನಿನ ಗಡಿಯಾರ ಇಷ್ಟು ತೋರಿಸಿದಾಗ ಅದು ಯಾವ ಕ್ಷಣ?

2024ರ ಜುಲೈ 1, 12:00 ಎಂಬ ಸಮಯ ತೆಗೆದುಕೊಳ್ಳಿ. ಸೆಷನ್ ಝೋನ್, ಅಂದರೆ ನಿಮ್ಮ ಡೇಟಾಬೇಸ್ ಸಂಪರ್ಕಕ್ಕೆ ಸೆಟ್ ಆಗಿರುವ ಝೋನ್, ಯುಟಿಸಿ (ಜಗತ್ತಿನ ಸಮಯಗಳನ್ನೆಲ್ಲ ಅಳೆಯುವ ಮೂಲ ಸಮಯ). ಜುಲೈನಲ್ಲಿ ನ್ಯೂಯಾರ್ಕ್ ಯುಟಿಸಿಗಿಂತ 4 ಗಂಟೆ ಹಿಂದೆ. ನ್ಯೂಯಾರ್ಕ್ ಝೋನ್ ಕೊಟ್ಟರೆ ಮೊದಲ ಟೈಪ್‌ಗೆ 08:00 ಬರುತ್ತದೆ, ಎರಡನೆಯದಕ್ಕೆ 16:00. ಜೊತೆಗೆ ಉತ್ತರದ ಟೈಪ್ ಕೂಡ ಅದಲುಬದಲಾಗುತ್ತದೆ. ಝೋನ್ ಇದ್ದದ್ದು ಝೋನ್ ಇಲ್ಲದ್ದಾಗಿ ಬರುತ್ತದೆ, ಇಲ್ಲದ್ದು ಇದ್ದದ್ದಾಗಿ.

‘ಕೊಟ್ಟ ಝೋನಿಗೆ ಸಮಯ ಬದಲಿಸುತ್ತದೆ’ ಎಂದು ಒಂದೇ ಸಾಲು ಬರೆದು ಬಿಟ್ಟರೆ ಓದುವವರು ಎಡವುವುದು ಖಂಡಿತ. ಒಳಗೆ ಹೋಗುವ ಟೈಪ್ ಯಾವುದು, ಹೊರಗೆ ಬರುವುದು ಯಾವುದು ಅನ್ನುವುದೇ ಮೊದಲ ವಾಕ್ಯ ಆಗಬೇಕು. ಅದರ ಕೆಳಗೇ ಮೇಲಿನ ಥರದ ಜೋಡಿ ಉದಾಹರಣೆ ಕೊಡಿ. ಸೆಷನ್ ಝೋನ್ ಬರೆಯುವುದನ್ನು ಮಾತ್ರ ಮರೆಯಬೇಡಿ. ಝೋನ್ ಇರುವ ಟೈಪ್ ಅಂದರೂ ‘ಟೈಮ್‌ಸ್ಟ್ಯಾಂಪ್‌ಟಿಝಡ್’ ಯಾವ ಝೋನನ್ನೂ ಉಳಿಸಿಕೊಳ್ಳುವುದಿಲ್ಲ. ಒಳಗೆ ಇಡುವುದು ಯುಟಿಸಿ ಲೆಕ್ಕದಲ್ಲಿ, ತೋರಿಸುವುದು ಸೆಷನ್ ಝೋನಿನಲ್ಲಿ. ಹಾಗಾಗಿ ಬೇರೆ ಸೆಟ್ಟಿಂಗ್ ಇರುವವರಿಗೆ ನಿಮ್ಮ 16:00 ಕಾಣಿಸುವುದೇ ಇಲ್ಲ. ಉದಾಹರಣೆಯೇ ತಪ್ಪು ಅಂದುಕೊಳ್ಳುತ್ತಾರೆ, ಅಲ್ವಾ?

ಝೋನ್ ಇಲ್ಲದ ಕಾಲಮ್‌ನಲ್ಲಿ ಯುಟಿಸಿ ಸಮಯ ತುಂಬಿಡುವವರು ಜಾಸ್ತಿ. ಅವರಿಗೆ ನ್ಯೂಯಾರ್ಕ್ ಸಮಯ ಬೇಕಿದ್ದರೆ ‘ಅಟ್ ಟೈಮ್ ಝೋನ್’ ಅನ್ನು ಎರಡು ಸಲ ಹಾಕಬೇಕೆಂದು ತೋರಿಸಿ: ಮೊದಲು ಯುಟಿಸಿ, ಆಮೇಲೆ ನ್ಯೂಯಾರ್ಕ್.

ಇನ್ನೊಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲೇ ಹಾಕಿ. ಝೋನ್ ಜಾಗದಲ್ಲಿ ‘ಯುಟಿಸಿ+5’ ಎಂದು ಬರೆದರೆ 5 ಗಂಟೆ ಮುಂದೆ ಹೋಗುವುದಿಲ್ಲ, ಹಿಂದೆ ಹೋಗುತ್ತದೆ. ಅಲ್ಲಿ ನಡೆಯುವುದು ಪೋಸಿಕ್ಸ್ (ಯುನಿಕ್ಸ್ ಥರದ ಸಿಸ್ಟಂಗಳ ಮಾನದಂಡ) ಪದ್ಧತಿ. ಅದರಲ್ಲಿ ಪ್ಲಸ್ ಅಂದರೆ ಗ್ರೀನಿಚ್‌ನ ಪಶ್ಚಿಮ. ‘ಇಎಸ್‌ಟಿ’ (ಅಮೆರಿಕದ ಪೂರ್ವ ಭಾಗದ ಚಳಿಗಾಲದ ಸಮಯ) ಥರದ ಚಿಕ್ಕ ಹೆಸರೂ ಬೇಡ. ಅದು ವರ್ಷವಿಡೀ ಯುಟಿಸಿಗಿಂತ 5 ಗಂಟೆ ಹಿಂದೆಯೇ ಇರುತ್ತದೆ, ಜುಲೈನ ಲೆಕ್ಕ ತಪ್ಪುತ್ತದೆ. ‘ಅಮೆರಿಕ/ನ್ಯೂಯಾರ್ಕ್’ ಎಂಬಂಥ ಪೂರ್ತಿ ಹೆಸರು ಕೊಟ್ಟರೆ ಬೇಸಿಗೆಯ ಆ ಒಂದು ಗಂಟೆಯನ್ನು ಡೇಟಾಬೇಸೇ ನೋಡಿಕೊಳ್ಳುತ್ತದೆ.