ಮೈನಸ್ 40ರ ಬೂಟು, ಬಿಳಿಚಿಕೊಂಡ ಹೆಬ್ಬೆರಳು

ನವೆಂಬರ್ ಮೊದಲ ವಾರ ಕಳೆದ ಸೋಮವಾರ ನನ್ನ ಕ್ಲಿನಿಕ್ಕಿನ ಬೆಂಚುಗಳ ತುಂಬ ಕಿತ್ತಳೆ ಬಣ್ಣ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ 6ಕ್ಕೆ ಹತ್ತಿರದ ಶನಿವಾರ. ಕಾಡಿಗೆ ಹೋದವರು ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲಿ ಎಂದು ಕಣ್ಣು ಕುಕ್ಕುವ ಆ ಬಣ್ಣವನ್ನು ಕಾನೂನೇ ತೊಡಿಸಿದೆ. ಶನಿವಾರ, ಭಾನುವಾರ ಮರದ ಮೇಲೆ ಕೂತವರಲ್ಲಿ ಕೆಲವರು ಸೋಮವಾರ ನನ್ನೆದುರು ಕೂರುತ್ತಾರೆ. ನಾನು ಪಾದದ ವೈದ್ಯ. ಹಾಸನದಲ್ಲಿರುವ ಅಮ್ಮ ಇಂದಿಗೂ ನೆಂಟರಿಗೆ ಹೇಳುವುದು, ‘ನಮ್ಮೋನು ಅಮೆರಿಕದಲ್ಲಿ ಕಾಲ್ಬೆರಳು ನೋಡ್ತಾನೆ’ ಎಂದೇ.

ಕೆಲವು ವರ್ಷಗಳ ಹಿಂದೆ ಹೀಗೆ ಬಂದವರ ನಡುವೆ ವಿರಾಜಪೇಟೆ ಕಡೆಯ ಒಬ್ಬ ಹುಡುಗನಿದ್ದ. ಸಾಫ್ಟ್‌ವೇರ್ ಕೆಲಸ, ಬೇಟೆಯ ಲೈಸೆನ್ಸು ತೆಗೆದುಕೊಂಡು ಅದೇ ಮೊದಲ ವರ್ಷ. ‘ಬಂದೂಕು ನಮಗೆ ಹೊಸದಲ್ಲ ಡಾಕ್ಟ್ರೇ, ಈ ಚಳಿ ಹೊಸದು’ ಅಂದ. ಎರಡೂ ಹೆಬ್ಬೆರಳ ತುದಿ ಮೇಣದ ಹಾಗೆ ಬಿಳಿಚಿ, ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಸಿಟ್ಟು ಮಾತ್ರ ಬೂಟಿನ ಮೇಲೆ. ‘ಮೈನಸ್ 40ರವರೆಗೂ ಬೆಚ್ಚಗಿಡುತ್ತೆ ಅಂತ ಡಬ್ಬದ ಮೇಲೇ ಬರೆದಿದೆ ಸಾರ್. ಆವತ್ತು ಇದ್ದಿದ್ದು ಬರೀ ಮೈನಸ್ 14.’

ಬೆರಳು ನೋಡಿದ ಮೇಲೆ ಬೂಟನ್ನು ತರಿಸಿ ಒಳಗೆ ಕೈ ಹಾಕಿದೆ. ಒದ್ದೆ. ಮೂರು ಜೊತೆ ಸಾಕ್ಸ್ ಹಾಕಿದ್ದನಂತೆ, ಒಳಗಿನದು ಹತ್ತಿಯದು. ನಸುಕಿನಲ್ಲಿ ಮೊಣಕಾಲುದ್ದದ ಪೊದೆ, ಹಿಮ ತುಳಿಯುತ್ತ ಒಂದೂವರೆ ಮೈಲಿ ನಡೆದು, ಮರಕ್ಕೆ ಕಟ್ಟಿದ ಅಟ್ಟಣೆ ಹತ್ತಿ ಐದು ಗಂಟೆ ಅಲ್ಲಾಡದೆ ಕೂತಿದ್ದಾನೆ. ಅಟ್ಟಣೆಯ ಕಾಲ್ಮಣೆ ಕಬ್ಬಿಣದ್ದು. ಬೂಟು ಕೆಟ್ಟದ್ದೇನಲ್ಲ. ಮೈನಸ್ 14ರಲ್ಲಿ ಬೆರಳು ಹೆಪ್ಪುಗಟ್ಟಿಸಲು ಇಷ್ಟು ಸಾಕು, ಅಷ್ಟೆ.

ಬೂಟಿಗೆ ಶಾಖ ಹುಟ್ಟಿಸಲು ಬರುವುದಿಲ್ಲ. ಅದು ಫ್ಲಾಸ್ಕ್ ಇದ್ದ ಹಾಗೆ: ಬಿಸಿ ಕಾಫಿ ಸುರಿದರೆ ಬಿಸಿ ಉಳಿಸುತ್ತದೆ, ತಣ್ಣೀರು ಸುರಿದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ರಾತ್ರಿಯಿಡೀ ಪಿಕಪ್ ಗಾಡಿಯ ಹಿಂದೆ ಬಿದ್ದಿದ್ದ ಬೂಟನ್ನು ಬೆಳಗ್ಗೆ ಹಾಗೇ ಕಾಲಿಗೇರಿಸುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಶಾಖ ಬರಬೇಕಾದ್ದು ರಕ್ತದಿಂದ. ಬೆರಳಿನಲ್ಲಿ ಹೆಚ್ಚೂ ಕಡಿಮೆ ಮೂಳೆ, ಸ್ನಾಯುರಜ್ಜು, ಚರ್ಮ ಇಷ್ಟೇ. ದುಡಿದು ಬಿಸಿ ಹುಟ್ಟಿಸುವ ಮಾಂಸಖಂಡ ಅಲ್ಲಿಲ್ಲ. ಹೊಟ್ಟೆ, ಎದೆ ತಣ್ಣಗಾಗತೊಡಗಿದರೆ ದೇಹ ಮೊದಲು ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿದು ಒಳಗಿನದನ್ನು ಉಳಿಸಿಕೊಳ್ಳುತ್ತದೆ. ಮನೆ ಉಳಿಯಲಿ ಎಂದು ಬೇಲಿ ಬಿಟ್ಟುಕೊಟ್ಟಂತೆ. ಹಾಗಾಗಿ ಟೋಪಿ, ಕುತ್ತಿಗೆಯ ಪಟ್ಟಿ, ದಪ್ಪ ಪ್ಯಾಂಟು ಎಲ್ಲವೂ ಬೂಟಿನ ಲೆಕ್ಕಕ್ಕೇ ಸೇರಬೇಕು.

ಇಲ್ಲೊಂದು ತಮಾಷೆ ಇದೆ. 1930ರಲ್ಲಿ ಲಂಡನ್ನಿನ ವೈದ್ಯ ಸರ್ ಥಾಮಸ್ ಲೂಯಿಸ್ ಬೆರಳುಗಳನ್ನು ಮಂಜುನೀರಿನಲ್ಲಿ ಅದ್ದಿಸಿ ಒಂದು ವಿಚಿತ್ರ ಕಂಡ. ಬಿಗಿದ ನಾಳಗಳು ಕೆಲವು ನಿಮಿಷಕ್ಕೊಮ್ಮೆ ತಾವಾಗಿಯೇ ತೆರೆದು ಒಂದಿಷ್ಟು ಬಿಸಿ ರಕ್ತ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ವೈದ್ಯಕೀಯದಲ್ಲಿ ಇದರ ಹೆಸರು ‘ಹಂಟಿಂಗ್ ರಿಯಾಕ್ಷನ್’. ಬೇಟೆಗೂ ಅದಕ್ಕೂ ಸಂಬಂಧವಿಲ್ಲ, ತಕ್ಕಡಿ ಮುಳ್ಳಿನಂತೆ ಅತ್ತಿತ್ತ ತೂಗಾಡುತ್ತದೆಂದು ಆ ಹೆಸರು. ಆದರೆ ನನ್ನ ಬೇಟೆಗಾರರ ಬೆರಳು ಉಳಿಸುವುದರಲ್ಲಿ ಅದಕ್ಕೂ ಪಾಲಿದೆ. ಮೈ ಪೂರಾ ತಣ್ಣಗಾದರೆ ಈ ಬಾಗಿಲು ತೆರೆಯುವುದು ಕಡಿಮೆಯಾಗುತ್ತದೆ. ಬೂಟು ಬಿಗಿಯಾಗಿದ್ದರಂತೂ ತೆರೆದೂ ಪ್ರಯೋಜನವಿಲ್ಲ.

ಬಿಗಿ ಎಂದೆನಲ್ಲ, ನನ್ನ ಅನುಭವದಲ್ಲಿ ಅರ್ಧ ತೊಂದರೆ ಅಲ್ಲೇ. ಚಳಿ ಎಂದರೆ ಇನ್ನೊಂದು ಸಾಕ್ಸ್ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಒಂದು ಜೊತೆಗೆ ಅಳೆದ ಬೂಟಿನೊಳಗೆ ಮೂರು ಜೊತೆ ತುರುಕಿದರೆ ಎರಡು ಅನಾಹುತ: ರಕ್ತನಾಳ ಒತ್ತಿಹೋಗುತ್ತದೆ, ಬೆಚ್ಚಗಿಡಬೇಕಾದ ಗಾಳಿ ಹಿಂಡಿಹೋಗುತ್ತದೆ. ಉಣ್ಣೆಯಾಗಲಿ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಫೆಲ್ಟಾಗಲಿ ಚಳಿ ತಡೆಯುವುದು ತನ್ನೆಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಅಂಗಡಿಗೆ ಹೋಗುವಾಗ ಕಾಡಿಗೆ ಹಾಕುವ ಸಾಕ್ಸನ್ನೇ ಒಯ್ಯಿರಿ. ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಬೂಟಿನ ಒಳಹಾಸನ್ನು ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತು ನೋಡಿ. ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು, ಅಂಚಿನಿಂದ ಪಾದ ಹೊರಚೆಲ್ಲಬಾರದು. ಹಾಕಿಕೊಂಡ ಮೇಲೆ ಐದೂ ಬೆರಳು ಹಾರ್ಮೋನಿಯಂ ನುಡಿಸುವಂತೆ ಆಡಬೇಕು. ದಪ್ಪ ಬೂಟಿಗೆ ಅರ್ಧ ಸೈಜು, ಕೆಲವೊಮ್ಮೆ ಒಂದು ಸೈಜು ದೊಡ್ಡದೇ ಬೇಕಾಗುತ್ತದೆ. ಹಿಮ್ಮಡಿ ಒಂದಿಷ್ಟು ಎದ್ದರೂ ಪರವಾಗಿಲ್ಲ, ನೀವು ಓಟದ ಪಂದ್ಯಕ್ಕೆ ಹೋಗುತ್ತಿಲ್ಲ.

ಇನ್ನು ಡಬ್ಬದ ಮೇಲಿನ ಆ ಮೈನಸ್ 40. ಸೆಲ್ಸಿಯಸ್ಸಿನಲ್ಲೂ ಫ್ಯಾರನ್‌ಹೀಟಿನಲ್ಲೂ ಒಂದೇ ಆಗಿರುವ ಸಂಖ್ಯೆ ಅದೊಂದೇ, ಆ ಮಟ್ಟಿಗೆ ಮೋಸವಿಲ್ಲ. ಆದರೆ ಯಾರ ಕಾಲು, ಎಷ್ಟು ಹೊತ್ತು, ನಡೆಯುತ್ತಲೋ ಕೂತೋ? ಎಲ್ಲ ಕಂಪನಿಗಳೂ ಒಂದೇ ಅಳತೆಗೋಲು ಹಿಡಿದು ಬರೆಯುವ ಸಂಖ್ಯೆಯಲ್ಲ ಅದು. ಬಹಳಷ್ಟು ಸಲ ಓಡಾಡುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಾನು ಅದಕ್ಕಿಂತ ಗ್ರಾಂ ಲೆಕ್ಕ ನಂಬುತ್ತೇನೆ. ‘ಥಿನ್ಸುಲೇಟ್ 800 ಗ್ರಾಂ’ ಎಂದರೆ ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಒಳಪದರದ ತೂಕ. ಇಲ್ಲೇ ಪಕ್ಕದ ಸೇಂಟ್ ಪಾಲ್ ಬಳಿಯ 3ಎಂ ಕಂಪನಿಯ ಸರಕು ಅದು. ಹೆಜ್ಜೆಗುರುತು ಹಿಡಿದು ದಿನವಿಡೀ ನಡೆಯುವವನಿಗೆ 400 ಧಾರಾಳ. ಹೆಚ್ಚಾದರೆ ಬೆವರುತ್ತಾನೆ. ಕೂರುವವನಿಗೆ 1000ಕ್ಕೆ ಕಡಿಮೆ ನಾನು ಒಪ್ಪುವುದಿಲ್ಲ, ಅದಕ್ಕಿಂತಲೂ ಒಳಗಿನ ಫೆಲ್ಟ್ ಚೀಲವನ್ನು ಹೊರತೆಗೆಯಬಹುದಾದ ಪ್ಯಾಕ್ ಬೂಟು ವಾಸಿ. ಕೆಳಗೆ ರಬ್ಬರು, ಮೇಲೆ ಚರ್ಮ, ಒಳಗೆ ಫೆಲ್ಟು. ಈ ರಬ್ಬರು-ಚರ್ಮದ ಜೋಡಿಯನ್ನು ಬೇಟೆಗಾರರಲ್ಲಿ ಹೆಸರುವಾಸಿ ಮಾಡಿದವನು ಮೇನ್ ರಾಜ್ಯದ ಎಲ್.ಎಲ್. ಬೀನ್. 1912ರಲ್ಲಿ ಮೊದಲು ಮಾರಿದ 100 ಜೊತೆಯಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದವಂತೆ, ದುಡ್ಡು ಹಿಂತಿರುಗಿಸಿ ಮತ್ತೆ ಹೊಲಿಸಿದ.

ಆದರೆ ಪ್ಯಾಕ್ ಬೂಟಿನ ದೊಡ್ಡ ಪಾಠ ಸಿಕ್ಕಿದ್ದು ಬೇಟೆಯಲ್ಲಲ್ಲ, ಯುದ್ಧದಲ್ಲಿ. 1950ರ ನವೆಂಬರ್ ಕೊನೆ, ಕೊರಿಯಾದ ಚೋಸಿನ್ ಜಲಾಶಯದ ಸುತ್ತ ಮೈನಸ್ 30ರ ಆಸುಪಾಸಿನ ಚಳಿ. ಅಮೆರಿಕದ ಸೈನಿಕರ ಕಾಲಲ್ಲಿ ‘ಶೂಪ್ಯಾಕ್’ ಎಂಬ ಇದೇ ಜಾತಿಯ ಬೂಟು. ಗುಡ್ಡ ಹತ್ತುವಾಗ ರಬ್ಬರಿನೊಳಗೆ ಕಾಲು ಬೆವೆತು ತೊಯ್ದಿತು. ಆಮೇಲೆ ಕಂದಕದಲ್ಲಿ ಕಾವಲು ಕೂತಾಗ ಅದೇ ಬೆವರು ಹೆಪ್ಪುಗಟ್ಟಿತು. ಸಾವಿರಾರು ಜನಕ್ಕೆ ಫ್ರಾಸ್ಟ್‌ಬೈಟ್ ಆಯಿತು, ಅಂದರೆ ಚರ್ಮ, ಮಾಂಸವೇ ಹೆಪ್ಪುಗಟ್ಟಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ತೊಯ್ದ ಫೆಲ್ಟು ಚಳಿಯ ಪರವಾಗಿಯೇ ಸಾಕ್ಷಿ ಹೇಳಿಬಿಡುತ್ತದೆ. ನಡಿಗೆ, ಬೆವರು, ಕೂರುವುದು: ನನ್ನ ವಿರಾಜಪೇಟೆ ಹುಡುಗನ ಕಥೆಯೂ ಇದೇ, ಗುಂಡಿನ ಸುರಿಮಳೆಯೊಂದನ್ನು ಬಿಟ್ಟು.

ಆಮೇಲೆ ಸೇನೆ ತಂದ ಬೂಟಿನ ಹಿಂದಿನ ಯೋಚನೆ ನನಗೆ ಬಹಳ ಇಷ್ಟ. ಬೆವರು ತಡೆಯಲಾಗದು ಎಂದು ಒಪ್ಪಿಕೊಂಡೇಬಿಟ್ಟರು. ಎರಡು ರಬ್ಬರ್ ಪದರಗಳ ನಡುವೆ ಉಣ್ಣೆಯನ್ನು ಸೀಲು ಹಾಕಿದರು. ಕಾಲು ಎಷ್ಟೇ ತೊಯ್ಯಲಿ, ಬೆಚ್ಚಗಿಡುವ ಪದರಕ್ಕೆ ಹನಿ ತಾಕದು. ಕಪ್ಪನೆಯದಕ್ಕೆ ‘ಮಿಕ್ಕಿ ಮೌಸ್’, ಇನ್ನೂ ಕಡುಚಳಿಯ ಬಿಳಿಯದಕ್ಕೆ ‘ಬನ್ನಿ ಬೂಟ್’ ಎಂದು ಅಡ್ಡಹೆಸರು. ಪಕ್ಕದಲ್ಲಿ ಒಂದು ಪುಟ್ಟ ವಾಲ್ವ್ ಇದೆ. ವಿಮಾನದಲ್ಲಿ ಮೇಲೇರುವಾಗ ಅದನ್ನು ತೆರೆಯದಿದ್ದರೆ ಒಳಗಿನ ಗಾಳಿ ಹಿಗ್ಗಿ ಬೂಟು ಬಲೂನಾಗುತ್ತದೆ. ಅಲಾಸ್ಕಾದವರು ಇಂದಿಗೂ ಹಳೆಯ ಸೇನಾ ಸರಕಿನಲ್ಲಿ ಹುಡುಕಿ ಕೊಳ್ಳುತ್ತಾರೆ. ಬೆಚ್ಚಗೇನೋ ಇರುತ್ತದೆ, ಆದರೆ ದಿನವಿಡೀ ಬೆವರಿನಲ್ಲಿ ನೆನೆದ ಪಾದ ಬಟ್ಟೆ ಒಗೆದ ಕೈಯಂತೆ ಸುಕ್ಕಾಗುತ್ತದೆ. ಸಾಕ್ಸ್ ಬದಲಿಸುವ ಶಿಸ್ತಿಲ್ಲದವರಿಗೆ ನಾನು ಹೇಳುವುದಿಲ್ಲ.

ಅದಕ್ಕೆ ಪೂರ್ತಿ ಎದುರು ದಾರಿ ಹಿಡಿದದ್ದು ಆರ್ಕ್ಟಿಕ್ ಜನರ ಮಕ್‌ಲಕ್. ಮೆತ್ತನೆ ಚರ್ಮ, ಉಣ್ಣೆ, ಉಸಿರಾಡುವ ಬೂಟು. ಬೆವರು ಆವಿಯಾಗಿ ಹೊರಗೆ ಹೋಗುತ್ತದೆ. ನಮ್ಮಿಂದ ಉತ್ತರಕ್ಕಿರುವ ಈಲಿ ಎಂಬ ಊರಿನಲ್ಲಿ ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಯ ಚರ್ಮದಲ್ಲಿ ಇದನ್ನು ಹೊಲಿಯುತ್ತಾರೆ. ಪುಡಿಪುಡಿ ಒಣ ಹಿಮದಲ್ಲಿ ಇಷ್ಟು ಸುಖದ ಪಾದರಕ್ಷೆ ನಾನು ಕಂಡಿಲ್ಲ. ನವೆಂಬರಿನ ಅರೆಕರಗಿದ ಕೆಸರಿನಲ್ಲಿ ಮಾತ್ರ ಅರ್ಧ ಗಂಟೆಯಲ್ಲಿ ಸ್ಪಂಜು.

ಹುಡುಗನಿಗೆ ನಾನು ಹೊಸ ಬೂಟು ಬರೆದುಕೊಡಲಿಲ್ಲ. ‘ಎರಡು ಜೊತೆ ಇಟ್ಟುಕೊಳ್ಳಪ್ಪ’ ಅಂದೆ. ನಡೆಯಲು ಹಗುರದ್ದು, ದಪ್ಪದ್ದು ಬೆನ್ನಚೀಲಕ್ಕೆ. ಜಾಕೆಟ್ಟನ್ನೂ ಅಲ್ಲಿಯವರೆಗೆ ಬಿಚ್ಚಿಟ್ಟು, ಸ್ವಲ್ಪ ಚಳಿಯಾಗುತ್ತಲೇ ನಡೆಯಬೇಕು. ಅಟ್ಟಣೆಯ ಬುಡದಲ್ಲಿ ಸಾಕ್ಸ್ ಬದಲಿಸಿ, ಒಣ ಉಣ್ಣೆಯ ಒಂದೇ ಜೊತೆ ಹಾಕಿ, ಆಮೇಲೆ ದೊಡ್ಡ ಬೂಟು. ಹತ್ತಿ ಬೇಡವೇ ಬೇಡ. ಮಲೆನಾಡಿನ ಮಳೆಯಲ್ಲಿ ಕಂಬಳಿಗೊಪ್ಪೆ ಹಾಕಿದವರಿಗೆ ಕಾರಣ ಹೇಳಬೇಕಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಕುಡಿದರೂ ಮೈಗೆ ಒದ್ದೆ ಎನಿಸುವುದಿಲ್ಲ. ಕಬ್ಬಿಣದ ಕಾಲ್ಮಣೆಯ ಮೇಲೆ ಒಂದು ತುಂಡು ಹಳೇ ಕಾರ್ಪೆಟ್ ಹಾಸು ಎಂದೆ. ಖರ್ಚಿಲ್ಲದ ಈ ಉಪಾಯಕ್ಕೆ ನೂರು ಡಾಲರಿನ ಬೂಟಿಗಿಂತ ಹೆಚ್ಚು ಧನ್ಯವಾದ ನನಗೆ ಸಿಕ್ಕಿದೆ. ರಾತ್ರಿ ಫೆಲ್ಟ್ ಚೀಲವನ್ನು ಹೊರತೆಗೆದು ಒಣಗಿಸಬೇಕು. ತೆಗೆಯಲಾಗದ ಒಳಪದರದ ಬೂಟು ಎರಡನೇ ದಿನ ಬೆಳಗ್ಗೆ ನಿನ್ನೆಯ ಬೆವರಿನೊಂದಿಗೇ ಶುರುವಾಗುತ್ತದೆ.

ಬೇಟೆಗೆ ಹೋಗದ ನಮ್ಮವರಿಗೂ ಒಂದು ಮಾತು, ಏಕೆಂದರೆ ಹಿಮ ಎತ್ತುವಾಗ, ಮಗುವನ್ನು ಸ್ಲೆಡ್ಜಿನಲ್ಲಿ ಎಳೆಯುವಾಗ ಇದೇ ಕಾಲು. ಸಕ್ಕರೆ ಕಾಯಿಲೆಯಿಂದ ನರ ಮರಗಟ್ಟಿದವರಿಗೆ ಚಳಿ ಎಚ್ಚರಿಸುವುದೇ ಇಲ್ಲ. ಊರಿಂದ ಬರುವ ಅಪ್ಪ ಅಮ್ಮಂದಿರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಅವರಿಗೆ ಬೂಟಿನೊಳಗಿಡುವ ರಾಸಾಯನಿಕ ಬಿಸಿ ಪೊಟ್ಟಣ ಬೇಡ, ಸುಟ್ಟದ್ದೂ ಗೊತ್ತಾಗುವುದಿಲ್ಲ. ಉಳಿದವರೂ ಕೈಗೆಂದು ಮಾಡಿದ ಪೊಟ್ಟಣವನ್ನು ಬೂಟಿಗೆ ತುರುಕಬೇಡಿ. ಬಿಸಿಯಾಗಲು ಅದಕ್ಕೆ ಗಾಳಿ ಬೇಕು, ಬೂಟಿನೊಳಗೆ ಗಾಳಿ ಕಡಿಮೆ. ಬೆರಳಿಗೆಂದೇ ಮಾಡಿದ್ದು ಬೇರೆ ಸಿಗುತ್ತದೆ.

ಬೆರಳು ನೋಯುತ್ತಿದೆ ಎಂದರೆ ರಕ್ತ ಇನ್ನೂ ಜಗಳವಾಡುತ್ತಿದೆ. ನೋವು ತಟ್ಟನೆ ನಿಂತು ‘ಅಬ್ಬ, ಈಗ ವಾಸಿ’ ಎನ್ನಿಸಿತೋ, ಆ ಕ್ಷಣ ಇಳಿದು ಬನ್ನಿ. ಹುಡುಗ ಅಲ್ಲೇ ತಪ್ಪಿದ್ದು, ವಾಸಿಯಾಯಿತು ಎಂದುಕೊಂಡು ಇನ್ನೆರಡು ಗಂಟೆ ಕೂತ. ಹಿಮ ಹಚ್ಚಿ ಉಜ್ಜುವ ಸಲಹೆ ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆಯ ಕಾಲದಿಂದ, ಅಂದರೆ 1812ರ ರಷ್ಯಾ ದಂಡಯಾತ್ರೆಯಿಂದ ನಡೆದುಬಂದಿದೆ. ಉಜ್ಜಬೇಡಿ, ಹೆಪ್ಪುಗಟ್ಟಿದ ಚರ್ಮ ಹರಿಯುತ್ತದೆ. ಬೆಂಕಿಗೂ ಹಿಡಿಯಬೇಡಿ. 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಹಸುಗೂಸಿನ ಸ್ನಾನದ ಹದ ಎನ್ನಿ, ಅರ್ಧ ಗಂಟೆ ಅದ್ದಿಡಿ. ಮತ್ತೆ ಚಳಿಯಲ್ಲಿ ನಡೆದು ಹೋಗಬೇಕಾಗಿದ್ದರೆ ಕರಗಿಸಲೇಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ. ತೀವ್ರವಾದ ಫ್ರಾಸ್ಟ್‌ಬೈಟಿಗೆ ಐಲೋಪ್ರಾಸ್ಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತನಾಳ ಹಿಗ್ಗಿಸುವ ಈ ಮದ್ದು ಬೆರಳು ಕತ್ತರಿಸುವ ಸಂದರ್ಭ ಕಡಿಮೆ ಮಾಡುತ್ತದೆ, ಆದರೆ ಬೇಗ ಆಸ್ಪತ್ರೆ ಸೇರಿದವರಿಗೆ.

ಹುಡುಗನ ಬೆರಳು ಉಳಿಯಿತು. ತುದಿಯ ಚರ್ಮ ಕಪ್ಪಾಗಿ ಸಿಪ್ಪೆಯಂತೆ ಕಳಚಿ, ಸಂಕ್ರಾಂತಿ ಹೊತ್ತಿಗೆ ಗುಲಾಬಿ ಚರ್ಮ ಬಂತು. ಮರುವರ್ಷ ನವೆಂಬರಿನಲ್ಲಿ ಬೂಟಿನ ಅಳತೆ ತೋರಿಸಲೆಂದು ಬಂದಾಗ ಜೊತೆಗೆ ಊರಿಂದ ಬಂದಿದ್ದ ಅವನ ತಂದೆಯೂ ಇದ್ದರು. ಬೇಟೆಗೆ ಕಾಯಿದೆ ಬರುವ ಮುಂಚಿನ ಕಾಲದಲ್ಲಿ, ಹುಡುಗನಾಗಿದ್ದಾಗ, ನಾಯಿ ಹಿಂಡಿನೊಂದಿಗೆ ಬರಿಗಾಲಲ್ಲಿ ಕಾಡು ಸುತ್ತಿದವರು. ಮಗನ ಪ್ಯಾಕ್ ಬೂಟನ್ನು ಒಂದು ಕೈಯಲ್ಲಿ ಎತ್ತಿ ತೂಗಿದರು, ತಿರುಗಿಸಿ ಅಟ್ಟೆ ನೋಡಿದರು, ಒಳಗಿನ ಫೆಲ್ಟ್ ಚೀಲ ಎಳೆದು ಮೂಸಿದರು.

‘ಎಲ್ಲ ಸರಿ ಡಾಕ್ಟ್ರೇ’ ಅಂದರು, ‘ಇದನ್ನ ಹಾಕ್ಕೊಂಡು, ಹಂದಿ ಎದ್ದು ಬಂದರೆ ಓಡೋದು ಹೇಗೆ?’