‘ನೋಎಇಆರ್’ ಹಾಕಿದ ಮೇಲೆ ಎರರ್ ನಿಂತಿತು, ಈಗ ಸರಿಯಾಯಿತಲ್ಲ?

ಪ್ರಶ್ನೆ: ಲಿನಕ್ಸ್ ಹಾಕಿದ ಕಂಪ್ಯೂಟರಿನ ಲಾಗ್ ತುಂಬಾ ‘ಪಿಸಿಐಇ ಬಸ್ ಎರರ್, ಸಿವಿಯಾರಿಟಿ: ಕರೆಕ್ಟೆಡ್’ ಎಂದು ಬರುತ್ತಿತ್ತು. ಬೂಟ್ ಸಾಲಿಗೆ ‘ಪಿಸಿಐ=ನೋಎಇಆರ್’ ಸೇರಿಸಿದೆ, ನಿಂತಿತು. ಇನ್ನು ತೊಂದರೆ ಇಲ್ಲವಲ್ಲ?

ಉಂಟು. ಎರರ್ ನಿಂತಿಲ್ಲ, ನಿಮಗೆ ಹೇಳುವುದು ನಿಂತಿದೆ. ಪ್ರತಿ ಮಳೆಗಾಲಕ್ಕೆ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಕೊಡುತ್ತೇನೆ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಪಿಸಿಐಇ ಎಂದರೆ ಗ್ರಾಫಿಕ್ಸ್, ನೆಟ್‌ವರ್ಕ್, ಎಸ್‌ಎಸ್‌ಡಿಯಂಥ ಕಾರ್ಡ್‌ಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿ. ಅದರಲ್ಲಿ ಕಾರ್ಡ್ ಮತ್ತು ಬೋರ್ಡ್ ನಡುವೆ ಹೋಗುವ ಪ್ರತಿ ಪ್ಯಾಕೆಟ್ಟಿನ ಬಾಲಕ್ಕೆ 32 ಬಿಟ್‌ಗಳ ಒಂದು ತಾಳೆಸಂಖ್ಯೆ ಇರುತ್ತದೆ. ಪಡೆದವ ಲೆಕ್ಕ ಹಾಕಿ ನೋಡುತ್ತಾನೆ. ತಾಳೆಯಾಗದಿದ್ದರೆ ‘ನ್ಯಾಕ್’ ಕಳಿಸುತ್ತಾನೆ. ಕಳಿಸಿದವ ತನ್ನ ರಿಪ್ಲೇ ಬಫರ್‌ನಲ್ಲಿ ಇಟ್ಟುಕೊಂಡ ಪ್ರತಿಯನ್ನೇ ಮತ್ತೊಮ್ಮೆ ಕಳಿಸುತ್ತಾನೆ. ಇಷ್ಟೂ ಚಿಪ್ಪಿನೊಳಗೇ ಮುಗಿಯುತ್ತದೆ. ಇಲ್ಲಿ ಕರ್ನಲ್‌ಗೂ (ಲಿನಕ್ಸಿನ ತಿರುಳು) ಬಯಾಸ್‌ಗೂ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಫರ್ಮ್‌ವೇರ್) ಕೆಲಸ ಇಲ್ಲ. ಎಇಆರ್ (ಅಡ್ವಾನ್ಸ್ಡ್ ಎರರ್ ರಿಪೋರ್ಟಿಂಗ್) ಎಂಬುದು ‘ಹೀಗಾಯಿತು’ ಎಂದು ಮೇಲಕ್ಕೆ ವರದಿ ಕೊಡುವ ವ್ಯವಸ್ಥೆ, ‘ನೋಎಇಆರ್’ ಅದನ್ನು ಮುಚ್ಚುತ್ತದೆ. ಮಾಡು ಸೋರುವಾಗ ಕೆಳಗಿಟ್ಟ ಬಾಲ್ದಿಯನ್ನು ಎತ್ತಿಟ್ಟರೆ ಸೋರುವುದು ನಿಲ್ಲುತ್ತದೆಯೇ ಮಾರಾಯ್ರೆ?

‘ಆದರೆ ಸ್ಪೀಡ್ ಕಡಿಮೆಯಾಗಿಲ್ಲವಲ್ಲ’ ಎನ್ನುತ್ತಾರೆ. ಒಂದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಿಯೂ ತಲುಪದಿದ್ದರೆ, ರಿಪ್ಲೇ ಎಣಿಸುವ 2 ಬಿಟ್‌ಗಳ ಕೌಂಟರ್ ಸುತ್ತು ಹಾಕಿ ಸೊನ್ನೆಗೆ ಬರುತ್ತದೆ, ಲಿಂಕ್ ಹೊಸದಾಗಿ ಟ್ರೇನ್ ಆಗುತ್ತದೆ, ಅಂದರೆ ಎರಡೂ ತುದಿಗಳು ಮತ್ತೆ ಹೊಂದಿಸಿಕೊಳ್ಳುತ್ತವೆ. ಆಗ ಕೆಳಗಿನ ವೇಗಕ್ಕೆ ಇಳಿಯಲೂಬಹುದು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ವಿವಿ’ ಆಜ್ಞೆ ಓಡಿಸಿ ‘ಲಿಂಕ್ ಸ್ಟೇಟಸ್’ (LnkSta) ಸಾಲಿನಲ್ಲಿ ‘ಡೌನ್‌ಗ್ರೇಡೆಡ್’ ಇದೆಯೇ ನೋಡಿ.

ಇದಕ್ಕಿಂತ ದೊಡ್ಡ ನಷ್ಟ ಬೇರೆ. ಬೂಟ್ ಆಗುವಾಗ ಕರ್ನಲ್ ಮತ್ತು ಫರ್ಮ್‌ವೇರ್ ನಡುವೆ ಎಸಿಪಿಐ ಎಂಬ ನಿಗದಿತ ಕ್ರಮದ ‘_ಓಎಸ್‌ಸಿ’ ಮೂಲಕ ಒಂದು ಮಾತುಕತೆ ನಡೆಯುತ್ತದೆ. ‘ಹಾಟ್‌ಪ್ಲಗ್ (ಓಡುತ್ತಿರುವಾಗಲೇ ಕಾರ್ಡ್ ಹಾಕಿ ತೆಗೆಯುವುದು), ಎಇಆರ್ ನಾನು ನೋಡಿಕೊಳ್ಳುತ್ತೇನೆ, ಬಿಟ್ಟುಕೊಡು’ ಎಂದು ಕರ್ನಲ್ ಕೇಳುತ್ತದೆ, ಫರ್ಮ್‌ವೇರ್ ಒಪ್ಪಬೇಕು. ನೋಎಇಆರ್ ಹಾಕಿದರೆ ಕರ್ನಲ್ ಎಇಆರ್ ಅನ್ನು ಕೇಳುವುದೇ ಇಲ್ಲ. ಅಂದರೆ ವರದಿಯ ಜೊತೆ ಚೇತರಿಕೆಯೂ ಹೋಯಿತು. ಎಇಆರ್ ಇದ್ದಾಗ ಸರಿಪಡಿಸಲಾಗದ ಎರರ್ ಬಂದರೆ ಕರ್ನಲ್ ಮೊದಲು ಡ್ರೈವರ್‌ಗೆ ತಿಳಿಸಿ ಕೆಲಸ ನಿಲ್ಲಿಸುತ್ತದೆ, ಬೇಕಾದರೆ ಲಿಂಕ್ ರೀಸೆಟ್ ಮಾಡುತ್ತದೆ, ಆಮೇಲೆ ‘ಮುಂದುವರಿಸು’ ಎನ್ನುತ್ತದೆ. ಎಇಆರ್ ಇಲ್ಲದಿದ್ದರೆ ಎನ್‌ವಿಎಂಇ (ಪಿಸಿಐಇಗೆ ಜೋಡಿಸಿದ ಎಸ್‌ಎಸ್‌ಡಿ) ಡ್ರೈವರ್‌ಗೆ ಏನೂ ಗೊತ್ತಾಗದೆ ತನ್ನ 30 ಸೆಕೆಂಡಿನ ಟೈಮ್‌ಔಟ್‌ವರೆಗೆ ಕಾಯುತ್ತದೆ. ಲಿಂಕ್ ಸತ್ತಿದ್ದರೆ ರಿಜಿಸ್ಟರ್ ಓದಿದಾಗ ಬರೀ ಒಂದುಗಳೇ ಬರುತ್ತವೆ. ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗುವುದು ಹೀಗೆ.

ಸರ್ವರ್‌ಗಳಲ್ಲಿ ಇದೇ ನಂಬಿಕೆಯ ಇನ್ನೊಂದು ರೂಪ: ‘ನೋಎಇಆರ್ ಹಾಕಿದರೂ ಎರರ್ ಬರುತ್ತಿದೆ, ಕರ್ನಲ್‌ನಲ್ಲಿ ಬಗ್ ಇದೆ’. ಬಗ್ ಅಲ್ಲ. ಅಲ್ಲಿ ಅನೇಕ ಕಡೆ ‘ಫರ್ಮ್‌ವೇರ್ ಫಸ್ಟ್’ ಪದ್ಧತಿ. ಎರರ್ ಮೊದಲು ಫರ್ಮ್‌ವೇರ್‌ಗೆ ಹೋಗುತ್ತದೆ. ಅದು ವಿವರವನ್ನು ಮೆಮೊರಿಯ ಗೊತ್ತುಪಡಿಸಿದ ಜಾಗದಲ್ಲಿ ಬರೆದು ಕರ್ನಲ್ಲನ್ನು ಎಬ್ಬಿಸುತ್ತದೆ. ಲಾಗ್‌ನಲ್ಲಿ ‘ಎಪಿಇಐ ಜೆನೆರಿಕ್ ಹಾರ್ಡ್‌ವೇರ್ ಎರರ್ ಸೋರ್ಸ್’ ಎಂದು ಕಂಡರೆ ದಾರಿ ಇದು. ಎಇಆರ್ ಯಾರ ಕೈಯಲ್ಲಿದೆ ಎಂದು ತಿಳಿಯಲು ಬೂಟ್ ಸಂದೇಶಗಳಲ್ಲಿ ‘ಓಎಸ್ ನೌ ಕಂಟ್ರೋಲ್ಸ್’ ಸಾಲು ಹುಡುಕಿ, ಆ ಪಟ್ಟಿಯಲ್ಲಿ ಎಇಆರ್ ಇರಬೇಕು.

ಹಾಗಾದರೆ ಎಂತ ಮಾಡುವುದು? ಮೊದಲು ನೋಎಇಆರ್ ತೆಗೆದು ಎಣಿಸಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿ ತೋರಿಸುವ /sys ಫೋಲ್ಡರ್) ಆ ಸಾಧನದ ಫೋಲ್ಡರ್‌ನೊಳಗೆ ‘ಎಇಆರ್_ಡೆವ್_ಕರೆಕ್ಟಬಲ್’ ಎಂಬ ಕಡತದಲ್ಲಿ ಲೆಕ್ಕ ಸಿಗುತ್ತದೆ. ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪು ಪಿಸಿಐಇಯ ಮಿತಿಯೊಳಗೇ ಬರುತ್ತದೆ. ಸೆಕೆಂಡಿಗೆ 800 ಕೋಟಿ ಬಿಟ್ ಹೋಗುವ ಒಂದು ಲೇನ್‌ಗೆ (ಲಿಂಕಿನ ಒಂದು ಎಳೆ) ಅದು 125 ಸೆಕೆಂಡಿಗೊಂದು. ಒಳ್ಳೆಯ ಲಿಂಕ್ ಇದಕ್ಕಿಂತ ಎಷ್ಟೋ ಸ್ವಚ್ಛ. ದಿನಕ್ಕೆ ಒಂದೆರಡು ಬಂದರೆ ಬಿಡಿ, ನಿಮಿಷಕ್ಕೆ ನೂರಾರು ಬಂದರೆ ಕೆಳಗಿನದನ್ನು ಮಾಡಿ.

ಪವರ್ ತೆಗೆದು ಕಾರ್ಡ್ ಹೊರಗೆ ತೆಗೆಯಿರಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಅದರ ಮೇಲೆ ಉಪ್ಪುಗಾಳಿ. ಸುರತ್ಕಲ್, ಮಲ್ಪೆಯಂಥ ಕಡಲ ಬದಿಯಲ್ಲಿ ಕಾರ್ಡಿನ ಚಿನ್ನದ ಹಲ್ಲುಗಳ ಮೇಲೆ ಮಂಕು ಪದರ ಕೂರುತ್ತದೆ. ನೂಲು ಬಿಡದ ಬಟ್ಟೆಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, 10 ನಿಮಿಷ ಒಣಗಿಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಡಿ, ತೆಳುವಾದ ಚಿನ್ನದ ಲೇಪ ಎದ್ದುಹೋದರೆ ಒಳಗಿನ ಲೋಹಕ್ಕೆ ಮುಂದಿನ ಮಳೆಗಾಲದಲ್ಲಿ ಕಿಲುಬು ಖಚಿತ. ಮತ್ತೆ ಕೂರಿಸಿ, ಸ್ಕ್ರೂ ಹಾಕಿ. ಎರರ್ ಉಳಿದರೆ ಬೇರೆ ಸ್ಲಾಟ್‌ನಲ್ಲಿಡಿ: ಕಾರ್ಡಿನ ಹಿಂದೆ ಹೋದರೆ ಕಾರ್ಡ್ ದೋಷ, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್. ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಹಾಕುವ ಕೇಬಲ್) ಇದ್ದರೆ ಮೊದಲು ಅದನ್ನೇ ಅನುಮಾನಿಸಿ. ಆಮೇಲೆ ಬೂಟ್ ಸಾಲಿಗೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಹಾಕಿ ನೋಡಿ, ಇದು ಲಿಂಕಿನ ವಿದ್ಯುತ್ ಉಳಿತಾಯಕ್ಕೆ ಸಂಬಂಧಿಸಿದ್ದು. ಲಿಂಕ್ ನಿದ್ದೆಗೆ ಹೋಗಿ ಏಳುವಾಗಲೇ ಎರರ್ ಬರುವ ಲ್ಯಾಪ್‌ಟಾಪ್‌ಗಳಿವೆ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ. ಕೊನೆಗೆ ಬಯಾಸ್ ಅಪ್‌ಡೇಟ್, ಅಥವಾ ಅಲ್ಲೇ ಸ್ಲಾಟ್‌ನ ವೇಗ ಜೆನ್ (ತಲೆಮಾರು) 4ರಿಂದ 3ಕ್ಕೆ ಇಳಿಸಿ.

ಲಾಗ್ ಉಬ್ಬಿ ಡಿಸ್ಕ್ ತುಂಬುತ್ತಿದ್ದರೆ, ವರದಿ ಮಾಡುವ ಆ ಒಂದು ಪೋರ್ಟ್‌ನ ಡಿವೈಸ್ ಕಂಟ್ರೋಲ್ ರಿಜಿಸ್ಟರ್‌ನಲ್ಲಿ 0ನೇ ಬಿಟ್ ಮಾತ್ರ ‘ಸೆಟ್‌ಪಿಸಿಐ’ ಆಜ್ಞೆಯಿಂದ ಸೊನ್ನೆ ಮಾಡಿ. ಅದು ಕರೆಕ್ಟೆಡ್ ವರದಿಯ ಬಿಟ್. ಗಂಭೀರ ಎರರ್‌ಗಳ 1 ಮತ್ತು 2ನೇ ಬಿಟ್ ಮುಟ್ಟಬೇಡಿ. ರೀಬೂಟ್ ಆದರೆ ಇದು ಉಳಿಯದು.

ಯಾರೂ ಕೇಳದಿದ್ದರೂ ಒಂದು ಮಾತು. ಮೆಷಿನ್ ಪೂರ್ತಿ ಹ್ಯಾಂಗ್ ಆದಾಗ ಹೆಚ್ಚಿನವರು ಪ್ಲಗ್ ಎಳೆಯುತ್ತಾರೆ ಅಥವಾ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ, ಆಮೇಲೆ ‘ಲಾಗ್‌ನಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಪ್ರೊಸೆಸರ್‌ನ ಮೆಷಿನ್ ಚೆಕ್ ರಿಜಿಸ್ಟರ್‌ಗಳಲ್ಲಿ (ಹಾರ್ಡ್‌ವೇರ್ ದೋಷ ಗುರುತಿಡುವ ಜಾಗ) ಬರೆದಿದ್ದು ವಾರ್ಮ್ ರೀಸೆಟ್ (ಕರೆಂಟ್ ಕಡಿಯದೆ ಮತ್ತೆ ಶುರುವಾಗುವುದು) ಆದರೂ ಉಳಿಯುತ್ತದೆ, ಕರೆಂಟ್ ಕಡಿದರೆ ಅಳಿಯುತ್ತದೆ. ಕ್ಯಾಬಿನೆಟ್‌ನ ರೀಸೆಟ್ ಬಟನ್ ಒತ್ತಿ. ಫರ್ಮ್‌ವೇರ್‌ಗೆ ಆ ಸೌಲಭ್ಯ ಇದ್ದರೆ ಅದನ್ನು ಓದಿ ‘ಬಿಇಆರ್‌ಟಿ’ ಪಟ್ಟಿಯಲ್ಲಿ ಇಡುತ್ತದೆ. ಮುಂದಿನ ಬೂಟ್‌ನಲ್ಲಿ ‘ಎರರ್ ರೆಕಾರ್ಡ್ಸ್ ಫ್ರಮ್ ಪ್ರೀವಿಯಸ್ ಬೂಟ್’ ಎಂಬ ಸಾಲಿನ ಕೆಳಗೆ ಹಿಂದಿನ ಸಲ ಏನು ಕೈಕೊಟ್ಟಿತು ಎಂಬುದು ಇರುತ್ತದೆ. ಪ್ರಶ್ನೆ ಕಳಿಸುವಾಗ ಆ ಸಾಲುಗಳನ್ನೂ ಸೇರಿಸಿ.