ಯೂಟ್ಯೂಬ್ ನೋಡಿ ಮಗುವಿಗೆ ಥೆರಪಿ ಮಾಡಿಸಬಹುದಾ?

ಪ್ರಶ್ನೆ: ಮೇಡಂ ನಮಸ್ತೆ. ನನ್ನ ಮಗನಿಗೆ ನಾಲ್ಕೂವರೆ ವರ್ಷ. ಸೆರೆಬ್ರಲ್ ಪಾಲ್ಸಿ (ಸಿ.ಪಿ.), ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟ ಆಗುವುದು ಅಂತ ಹೇಳಿದ್ದಾರೆ. ಎರಡೂ ಕಾಲು ಬಿಗಿ, ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ. ನಮ್ಮದು ಬೆಳ್ತಂಗಡಿಯಿಂದಲೂ ಒಳಗೆ. ಥೆರಪಿಗೆ ಮಂಗಳೂರಿಗೆ ಬಂದು ಹೋಗಲಿಕ್ಕೆ ಇಡೀ ದಿನ ಬೇಕು, ತಿಂಗಳಿಗೆ ಎರಡು ಸಲ ಆದರೆ ಹೆಚ್ಚು. ಯೂಟ್ಯೂಬ್‌ನಲ್ಲಿ ಸಿ.ಪಿ. ಮಕ್ಕಳ ವ್ಯಾಯಾಮದ ವಿಡಿಯೊ ಬೇಕಾದಷ್ಟು ಉಂಟು. ಅದನ್ನು ನೋಡಿ ಮನೆಯಲ್ಲೇ ಮಾಡಿಸಿದರೆ ಆಗುತ್ತದಾ? ಯಾವುದು ಒಳ್ಳೆಯದು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನನಗೆ ಸುಲಭ. ಆದರೆ ನೀವು ಹೇಗೂ ನೋಡುತ್ತೀರಿ. ಮಗು ಮಲಗಿದ ಮೇಲೆ ಫೋನು ಹಿಡಿದು ಕೂರದ ತಾಯಿಯನ್ನು ನಾನಂತೂ ಕಂಡಿಲ್ಲ. ತಿಂಗಳಿಗೆ ಎರಡು ಗಂಟೆ ಮಗು ನಮ್ಮಂಥ ಥೆರಪಿಸ್ಟ್‌ಗಳ ಹತ್ತಿರ, ಉಳಿದದ್ದೆಲ್ಲ ನಿಮ್ಮ ಹತ್ತಿರ. ಮನೆಯಲ್ಲಿ ಮಾಡಿಸದೆ ನಡೆಯುವುದೇ ಇಲ್ಲ.

ಮೊದಲು ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲ, ಮಕ್ಕಳು ಬರುವಂತಿಲ್ಲ. ಸಿ.ಪಿ. ಇದ್ದ ಒಬ್ಬ ಹುಡುಗನಿಗಾಗಿ ನಾನೇ ಒಂದು ವಿಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಮೀನಖಂಡ ಎಳೆಯುವುದು ಹೇಗೆ, ಮೆಟ್ಟಿಲು ಹತ್ತಿ ಇಳಿಸುವುದು ಹೇಗೆ, ಸ್ಕೂಲ್ ಬ್ಯಾಗಿಗೆ ಒಂದು ಕಿಲೋ ಅಕ್ಕಿ ಹಾಕಿ ಕೂತು ಏಳಿಸುವುದು ಹೇಗೆ, ಎಲ್ಲ ಇತ್ತು. ಕೆಲವು ತಿಂಗಳ ನಂತರ ಬೇರೊಂದು ಮನೆಯವರು ಬಂದರು. "ಇದನ್ನೇ ಮಾಡಿಸ್ತಾ ಇದ್ದೇವೆ ಮೇಡಂ" ಎಂದು ನನ್ನ ವಿಡಿಯೊವನ್ನೇ ನನಗೆ ತೋರಿಸಿದರು. ಅವರ ಮಗನೂ ತುದಿಗಾಲಲ್ಲಿ ನಡೆಯುತ್ತಿದ್ದ. ಆದರೆ ಅವನಿಗೆ ಇದ್ದದ್ದು ಸಿ.ಪಿ. ಅಲ್ಲ, ಡುಶೆನ್ ಎಂಬ ಕಾಯಿಲೆ. ಅದರಲ್ಲಿ ಸ್ನಾಯುಗಳು ತಾವಾಗಿ ಸವೆಯುತ್ತಾ ಹೋಗುತ್ತವೆ. ಮೀನಖಂಡ ಎಳೆಯುವುದು ಅವನಿಗೂ ಬೇಕಿತ್ತು ಅನ್ನಿ. ಭಾರ ಹೊರಿಸುವುದು, ಮತ್ತೆ ಮತ್ತೆ ಮೆಟ್ಟಿಲು ಇಳಿಸುವುದು ಮಾತ್ರ ಮಾಡಲೇಬಾರದಿತ್ತು. ಸಿ.ಪಿ. ಮಗುವಿಗೆ ಬಲ ತರುವ ಕೆಲಸವೇ ಡುಶೆನ್ ಮಗುವಿನ ಸ್ನಾಯುವಿಗೆ ಪೆಟ್ಟು ಕೊಡುತ್ತದೆ. ವಿಡಿಯೊದಲ್ಲಿ ತಪ್ಪಿರಲಿಲ್ಲ. ಅದು ಹೋಗಿ ಸೇರಿದ ಮನೆ ಬೇರೆಯಾಗಿತ್ತು.

ಅಂದಿನಿಂದ ಯಾರಾದರೂ "ಈ ವಿಡಿಯೊ ಒಳ್ಳೆಯದಾ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಇದು ಯಾವ ಮಗುವಿಗೆ ಮಾಡಿದ್ದು?

ಆರೋಗ್ಯದ ಮಾಹಿತಿಯ ಗುಣಮಟ್ಟ ಅಳೆಯಲು ಸಂಶೋಧಕರ ಹತ್ತಿರ ಕೆಲವು ಅಳತೆಗೋಲುಗಳಿವೆ. ಡಿಸ್ಕರ್ನ್ ಎಂಬುದರಲ್ಲಿ 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. 1997ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆ ಇನ್ನೂ ಸರಳವಾದ ನಾಲ್ಕು ಅಂಶ ಹೇಳಿತ್ತು: ಬರೆದವರು ಯಾರು, ಆಧಾರ ಏನು, ದುಡ್ಡು ಯಾರದ್ದು, ಯಾವಾಗಿನದ್ದು. ಈ ನಾಲ್ಕನ್ನು ನೀವೂ ನೋಡಬಹುದು, ಎರಡು ನಿಮಿಷ ಸಾಕು. ಮಾಡಿದವರ ಹೆಸರು, ಓದು ಯಾವುದೂ ಇಲ್ಲದೆ ಬರೀ ಸಂಗೀತ ಹಾಕಿದ ವಿಡಿಯೊ ಆದರೆ ಮುಂದೆ ಹೋಗಿ. ಕೊನೆಗೆ "ನಮ್ಮ ಪ್ಯಾಕೇಜ್‌ಗೆ ಕರೆ ಮಾಡಿ" ಅಂತ ಬಂದರೂ ಮುಂದೆ ಹೋಗಿ. ಎಷ್ಟು ಲಕ್ಷ ಜನ ನೋಡಿದ್ದಾರೆ ಎಂಬುದು ಲೆಕ್ಕಕ್ಕೇ ಬೇಡ. ಮಗು ಮುದ್ದಾಗಿದ್ದರೆ ಸಾಕು, ಜನ ನೋಡುತ್ತಾರೆ.

ಆದರೆ ಈ ಪರೀಕ್ಷೆ ಎಲ್ಲ ಪಾಸಾದ ವಿಡಿಯೊ ಕೂಡ ನಿಮ್ಮ ಮಗನದ್ದು ಆಗಬೇಕೆಂದಿಲ್ಲ. "ಸಿ.ಪಿ. ವ್ಯಾಯಾಮ" ಎಂಬ ಶೀರ್ಷಿಕೆ "ಜ್ವರದ ಮಾತ್ರೆ" ಅಂದ ಹಾಗೆ. ಯಾವ ಜ್ವರ? ಸಿ.ಪಿ.ಯಲ್ಲಿ ಹೆಚ್ಚಿನ ಮಕ್ಕಳದ್ದು ಸ್ಪಾಸ್ಟಿಕ್ ಬಗೆ, ಸ್ನಾಯು ಬಿಗಿಯಾಗಿರುತ್ತದೆ. ಕೆಲವರದ್ದು ಡಿಸ್ಟೋನಿಯಾ, ಕೈಕಾಲು ಬೇಡವೆಂದರೂ ತಿರುಚಿಕೊಳ್ಳುತ್ತದೆ. ಅಂಥ ಮಗುವನ್ನು ಹಿಡಿದು ಒತ್ತಿದರೆ ತಿರುಚುವುದು ಜಾಸ್ತಿಯೇ ಆಗಬಹುದು. ಇನ್ನು ಕೆಲವರಿಗೆ ಅಟಾಕ್ಸಿಯಾ, ಅಲ್ಲಿ ತೊಂದರೆ ಬಿಗಿತದ್ದಲ್ಲ, ಸಮತೋಲನದ್ದು. ಒಂದೇ ಮಗುವಿನಲ್ಲಿ ಎರಡು ಸೇರಿರುವುದೂ ಉಂಟು.

ಇದರ ಮೇಲೆ ಹಂತ ಬೇರೆ. 1997ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಮಗು ಎಷ್ಟು ಚಲಿಸಬಲ್ಲದು ಎಂಬುದರ ಮೇಲೆ ಜಿಎಂಎಫ್‌ಸಿಎಸ್ ಎಂಬ ಐದು ಹಂತದ ವಿಂಗಡಣೆ ಮಾಡಿದರು. ಒಂದನೇ ಹಂತದ ಮಗು ತಾನೇ ನಡೆಯುತ್ತದೆ, ಓಡುತ್ತದೆ. ಮೂರನೆಯದಕ್ಕೆ ಕೈಯಲ್ಲಿ ಹಿಡಿಯುವ ಆಧಾರ ಬೇಕು. ಐದನೆಯದಕ್ಕೆ ತಲೆ ನಿಲ್ಲಿಸುವುದೇ ಕಷ್ಟ. ನಿಮ್ಮ ಮಗ ಎರಡೋ ಮೂರೋ ಇರಬಹುದು, ನೋಡದೆ ಹೇಳಲಾರೆ. ಮುಂದಿನ ಸಲ ಹೋದಾಗ ಥೆರಪಿಸ್ಟ್ ಹತ್ತಿರ "ಇವನದ್ದು ಯಾವ ಬಗೆ, ಎಷ್ಟನೇ ಲೆವೆಲ್?" ಅಂತ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ. ಮಗುವಿನ ಫೈಲು ಒಂದು ಗೇಣು ದಪ್ಪ ಆಗಿದ್ದರೂ ಈ ಎರಡು ಪದ ಇಲ್ಲದ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ಅವು ಗೊತ್ತಿದ್ದರೆ ಮುಕ್ಕಾಲು ಪಾಲು ವಿಡಿಯೊ ತಾನಾಗಿ ಸೋಸಿ ಹೋಗುತ್ತದೆ.

"ಆಗ ಹೀಗಿದ್ದ, ಈಗ ಹೀಗೆ" ಎಂಬ ವಿಡಿಯೊಗಳ ಬಗ್ಗೆ ಸ್ವಲ್ಪ ಎಚ್ಚರ. ಎರಡು ವರ್ಷದ ಮಗು ತೆವಳುತ್ತಿತ್ತು, ನಾಲ್ಕಕ್ಕೆ ನಡೆಯಿತು, ಎಲ್ಲ ನಮ್ಮ ಥೆರಪಿಯಿಂದ ಅನ್ನುತ್ತಾರೆ. ಸಿ.ಪಿ. ಇರುವ ಮಗುವೂ ಬೆಳೆಯುತ್ತದೆ, ಅಲ್ವಾ? ಕೆನಡಾದಲ್ಲೇ ನೂರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಬೆಳವಣಿಗೆಯ ಗೆರೆಗಳನ್ನು ಪ್ರಕಟಿಸಿದ್ದಾರೆ. ಮಗು ತನ್ನ ಮಟ್ಟಿಗೆ ಮುಟ್ಟಬಹುದಾದ ಚಲನೆಯ ಶಕ್ತಿಯ 90% ಭಾಗವನ್ನು ಒಂದನೇ ಹಂತದಲ್ಲಿ ಸುಮಾರು ಐದು ವರ್ಷಕ್ಕೆ, ಐದನೇ ಹಂತದಲ್ಲಿ ಮೂರಕ್ಕೂ ಮೊದಲೇ ಮುಟ್ಟುತ್ತದೆ. ಹಾಗಾಗಿ ಆ ವಯಸ್ಸಿನ ಪ್ರಗತಿಯಲ್ಲಿ ವ್ಯಾಯಾಮದ ಪಾಲೆಷ್ಟು, ಬೆಳವಣಿಗೆಯ ಪಾಲೆಷ್ಟು ಅಂತ ಒಂದು ಮಗುವಿನ ವಿಡಿಯೊ ನೋಡಿ ಯಾರೂ ಹೇಳಲಾರರು. ಮೂವತ್ತು ದಿನದಲ್ಲಿ ನಡೆಸುತ್ತೇವೆ ಅನ್ನುವವರನ್ನು ಬಿಟ್ಟುಬಿಡಿ. ಸ್ಟೆಮ್ ಸೆಲ್ (ಕಾಂಡಕೋಶ) ಚಿಕಿತ್ಸೆ ಹೇಳಿದರೆ ಇನ್ನೂ ದೂರ. ಸಿ.ಪಿ.ಗೆ ಅದನ್ನು ಚಿಕಿತ್ಸೆಯೆಂದು ಮಾರಲು ನಮ್ಮ ದೇಶದ 2017ರ ಮಾರ್ಗಸೂಚಿಯಲ್ಲಿ ಅವಕಾಶವೇ ಇಲ್ಲ.

ಇನ್ನು ವ್ಯಾಯಾಮ ಮಾಡಿಸುವವರ ಕೈಯ ವಿಷಯ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ತುದಿಗಾಲಿನ ಮಗುವಿಗೆ ಪಾದ ಮೇಲಕ್ಕೆ ಒತ್ತುವುದನ್ನು ಎಲ್ಲ ವಿಡಿಯೊಗಳೂ ತೋರಿಸುತ್ತವೆ. ಕ್ಯಾಮೆರಾ ಮಗುವಿನ ಮುಖದ ಮೇಲಿರುತ್ತದೆ, ಥೆರಪಿಸ್ಟ್ ಕೈ ಎಲ್ಲಿದೆ ಕಾಣುವುದಿಲ್ಲ. ಮನೆಯಲ್ಲಿ ನೋಡಿದವರು ಬೆರಳಿನ ಹತ್ತಿರ ಹಿಡಿದು ಒತ್ತುತ್ತಾರೆ. ಆಗ ಹಿಮ್ಮಡಿ ಇದ್ದಲ್ಲೇ ಇರುತ್ತದೆ, ಪಾದದ ನಡುಭಾಗ ಸಡಿಲವಾಗಿ ಮೇಲಕ್ಕೆ ಬಗ್ಗುತ್ತದೆ. ನೋಡುವವರಿಗೆ ಪಾದ ಬಂತು ಅನ್ನಿಸುತ್ತದೆ. ಹೀಗೇ ಮುಂದುವರಿದರೆ ಅಂಗಾಲು ದೋಣಿಯ ಅಡಿಯ ಹಾಗೆ ಉಬ್ಬುತ್ತದೆ. ಸರಿಯಾಗಿ ಮಾಡುವುದಾದರೆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕೆಳಗೆ ಎಳೆಯಬೇಕು, ನಿಮ್ಮ ಮುಂಗೈ ಅವನ ಅಂಗಾಲಿಗೆ ಆನಿಸಬೇಕು, ಮಂಡಿ ನೇರ ಇರಬೇಕು. ಮಂಡಿ ಬಗ್ಗಿದರೆ ದೊಡ್ಡ ಸ್ನಾಯು ಸಡಿಲಾಗಿ ತಪ್ಪಿಸಿಕೊಳ್ಳುತ್ತದೆ. ಮತ್ತೆ, ನಿಧಾನ. ಸ್ಪಾಸ್ಟಿಕ್ ಸ್ನಾಯು ಕಾರಿನ ಸೀಟ್ ಬೆಲ್ಟ್ ಇದ್ದ ಹಾಗೆ. ಮೆಲ್ಲ ಎಳೆದರೆ ಬರುತ್ತದೆ, ಜಗ್ಗಿದರೆ ಅಲ್ಲೇ ಲಾಕ್. ಇಷ್ಟು ಓದಿಯೂ ನಿಮ್ಮ ಕೈಗೆ ಬರಲಿಕ್ಕಿಲ್ಲ, ಯಾರಾದರೂ ನಿಮ್ಮ ಕೈ ಮೇಲೆ ಕೈ ಇಟ್ಟು ಒಮ್ಮೆ ತೋರಿಸಬೇಕು.

"ಅತ್ತರೆ ಅಳಲಿ, ಗುಣ ಆಗಬೇಕಲ್ಲ" ಅಂತ ಅಜ್ಜಿಯಂದಿರು ಹೇಳುತ್ತಾರೆ. ಮಗು ಕಿರುಚುತ್ತಿದ್ದರೂ ಮುಂದುವರಿಸುವ ವಿಡಿಯೊಗಳೂ ಇವೆ. ನನಗೆ ಇದು ಒಪ್ಪಿಗೆಯಿಲ್ಲ, ಕಾರಣ ಮರುಕ ಒಂದೇ ಅಲ್ಲ. ನಿಲ್ಲದ, ನಡೆಯದ ಮಕ್ಕಳ ಮೂಳೆ ತೆಳುವಾಗಿರುತ್ತದೆ, ಸಣ್ಣ ಜಗ್ಗಾಟಕ್ಕೆ ತೊಡೆಮೂಳೆ ಮುರಿಯಬಹುದು. ಸೊಂಟದ ಕೀಲು ಇನ್ನೊಂದು. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಬಂದ ಅಧ್ಯಯನದ ಪ್ರಕಾರ ಸಿ.ಪಿ. ಮಕ್ಕಳಲ್ಲಿ ಸುಮಾರು 35% ಮಂದಿಗೆ ತೊಡೆಮೂಳೆಯ ತಲೆ ಕೀಲಿನಿಂದ ಸರಿದಿತ್ತು. ಐದನೇ ಹಂತದಲ್ಲಿ ಅದು 90%. ಶುರುವಿನಲ್ಲಿ ನೋವೇ ಇರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಕಾಲು ಅಗಲಿಸಿ ಒತ್ತುವ ವ್ಯಾಯಾಮ ಮಾಡಿಸುವುದು ಬೇಡ. ನಿಮ್ಮ ಮಗನ ಸೊಂಟದ ಎಕ್ಸ್‌ರೇ ಯಾವಾಗ ಆಗಿದೆ? ಆಗಿಲ್ಲವಾದರೆ ಡಾಕ್ಟರ ಹತ್ತಿರ ಕೇಳಿ.

ಅಷ್ಟಕ್ಕೂ ಎಳೆಯುವುದರಿಂದಲೇ ಜಾಸ್ತಿ ಪ್ರಯೋಜನ ಇಲ್ಲ. ಆಸ್ಟ್ರೇಲಿಯಾದ ಸಂಶೋಧಕಿ ಇಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲಿ ಸಿ.ಪಿ. ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸಿ ಸಿಗ್ನಲ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ಗುರುತಿಸಿದರು. ವ್ಯಾಯಾಮಗಳಲ್ಲಿ ಹಸಿರು ಬಂದದ್ದು ಮಗು ತಾನೇ ಮಾಡುವ ಕೆಲಸಗಳಿಗೆ: ಒಂದು ಗುರಿ ಇಟ್ಟುಕೊಂಡು ಅದನ್ನೇ ಅಭ್ಯಾಸ ಮಾಡುವುದು, ಥೆರಪಿಸ್ಟ್ ಹೇಳಿಕೊಟ್ಟು ಮನೆಯಲ್ಲಿ ನಡೆಸುವ ಕಾರ್ಯಕ್ರಮ. ಮಗುವನ್ನು ಮಲಗಿಸಿ ನಾವು ಕೈಕಾಲು ಆಡಿಸುವುದಕ್ಕೆ ಆ ಗೌರವ ಸಿಗಲಿಲ್ಲ. ಹಾಗಾಗಿ ವಿಡಿಯೊ ನೋಡುವಾಗ ಇದನ್ನೂ ಗಮನಿಸಿ: ಬೆವರುವುದು ಯಾರು, ಮಗುವೋ ಥೆರಪಿಸ್ಟೋ?

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನಿಗೆ ಹುಲಿವೇಷದ ಹುಚ್ಚು. ದಸರಾ ಬಂತೆಂದರೆ ತಾಸೆ ವಾದ್ಯದ ಸದ್ದಿಗೆ ಕೂತಲ್ಲೇ ಭುಜ ಕುಣಿಸುತ್ತಿದ್ದ. ಹತ್ತು ಸಲ ಕೂತು ಎದ್ದೇಳು ಅಂದರೆ ಮೂರಕ್ಕೆ ಸುಸ್ತು. ತಂದೆ ಸ್ಟೀಲ್ ಡಬ್ಬಿ ಬಡಿದು ತಾಸೆಯ ತಾಳ ಹಾಕಿದರು. ಮಣೆಯ ಮೇಲಿಂದ ಏಳುವುದು, ಒಂದು ಹೆಜ್ಜೆ ಮುಂದೆ, ಬಗ್ಗಿ ನೆಲ ಮುಟ್ಟುವುದು, ತಿರುಗಿ ಕೂರುವುದು. ಲೆಕ್ಕ ಇಡುವವರು ನಾವು, ಅವನಿಗೆ ಅದು ಹುಲಿ ಕುಣಿತ. ಇಂಥದ್ದು ಯಾವ ಯೂಟ್ಯೂಬಿನಲ್ಲಿ ಸಿಗುತ್ತದೆ ಹೇಳಿ. ಆದರೆ ವಿಡಿಯೊದಿಂದ ಆಲೋಚನೆ ಕದಿಯಬಹುದು. ಯಾರೋ ಮೆಟ್ಟಿಲಲ್ಲಿ ಚೆಂಡು ಇಟ್ಟು ಆಡಿಸಿದ್ದನ್ನು ನೋಡಿ ನಿಮ್ಮ ಮನೆಯ ಜಗಲಿ ಕಟ್ಟೆಯಲ್ಲಿ ಹಾಗೆ ಮಾಡಬಹುದಾ ಅಂತ ಥೆರಪಿಸ್ಟ್ ಹತ್ತಿರ ಕೇಳಿ. ಆ ಲಿಂಕ್ ಅವರಿಗೆ ಕಳಿಸಿ, ಕೋಪ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಬೇರೆಯವರನ್ನು ನೋಡಿ.

ನನ್ನ ಸಲಹೆ ಇಷ್ಟು. ವಿಡಿಯೊ ಹುಡುಕುವುದನ್ನು ಕಡಿಮೆ ಮಾಡಿ, ವಿಡಿಯೊ ಮಾಡಿಸಿಕೊಳ್ಳಿ. ಮುಂದಿನ ಸಲ ಹೋದಾಗ ಮೂರೇ ವ್ಯಾಯಾಮ ಆರಿಸಲು ಹೇಳಿ. ಅವರು ನಿಮ್ಮ ಮಗನಿಗೆ ಮಾಡಿಸುವಾಗ ನಿಮ್ಮ ಫೋನಿನಲ್ಲಿ ವಿಡಿಯೊ ಮಾಡಿ, ಅವರ ಕೈ ಸರಿಯಾಗಿ ಕಾಣಲಿ. ಆಮೇಲೆ ನೀವು ಮಾಡಿಸಿ, ಅದನ್ನೂ ವಿಡಿಯೊ ಮಾಡಲು ಹೇಳಿ. ನಾನು ಕಂಡಂತೆ ಈ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ಅರ್ಧ ನಿಮಿಷದ ತುಣುಕು ಕಳಿಸಿದರೆ ಅವರು ಅಲ್ಲಿಂದಲೇ ತಿದ್ದಬಹುದು. ಕುಟುಂಬದ ಗ್ರೂಪಿಗೆ, ಸ್ಟೇಟಸ್ಸಿಗೆ ಮಾತ್ರ ಹಾಕಬೇಡಿ. ನನ್ನ ವಿಡಿಯೊ ಹೋದ ದಾರಿ ಕೇಳಿದಿರಲ್ಲ.

ಬಂದು ಹೋಗುವ ಖರ್ಚಿನ ಬಗ್ಗೆಯೂ ಒಂದು ಮಾತು. ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ, ಮುಂದಿನ ಚಿಕಿತ್ಸೆಗೆ ದಾರಿಯನ್ನೂ ಅವರೇ ತೋರಿಸಬೇಕು. ನಿಮ್ಮ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಸಿ.ಪಿ. ಮಕ್ಕಳಿಗೂ ಉಂಟು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯೂ ಅದರೊಳಗೆ ಬರುತ್ತದೆ. ದೇರಳಕಟ್ಟೆ, ಕಂಕನಾಡಿ, ಮಣಿಪಾಲದಂಥ ಕಡೆ ಫಿಸಿಯೋಥೆರಪಿ ಕಾಲೇಜುಗಳಿವೆ. ಎಲ್ಲಿಗೇ ಹೋದರೂ ಮೊದಲೇ ಫೋನ್ ಮಾಡಿ ಮಕ್ಕಳ ವಿಭಾಗ ಯಾವ ದಿನ ಅಂತ ಕೇಳಿಕೊಳ್ಳಿ, ಸುಮ್ನೆ ಒಂದು ದಿನ ಹಾಳಾಗುವುದು ಬೇಡ. ಹೋಗುವಾಗ ಅವನ ಕಾಲಿಗೆ ಕಟ್ಟುವ ಸ್ಪ್ಲಿಂಟ್, ಹಾಕುವ ಚಪ್ಪಲಿ, ಹಳೆಯ ಎಕ್ಸ್‌ರೇ ತೆಗೆದುಕೊಂಡು ಹೋಗಿ. ಫೋನಿನಲ್ಲಿ ಸ್ವಲ್ಪ ಜಾಗ ಖಾಲಿ ಮಾಡಿಟ್ಟುಕೊಳ್ಳಿ.